ಕಾಲ್‌ಷೀಟಿನ ಸಾಕ್ಷ್ಯ: ಸಹಾಯಕ ನಿರ್ದೇಶಕನ ವೃತ್ತಿಪತ್ರಗಳು ಮತ್ತು ಚಲನಚಿತ್ರ ವಿಮರ್ಶೆ

ಚಲನಚಿತ್ರವೊಂದನ್ನು ಕುರಿತು ಬರೆಯಹೊರಟ ವಿಮರ್ಶಕನ ಮುಂದೆ ಸಾಮಾನ್ಯವಾಗಿ ಇರುವ ಸಾಮಗ್ರಿ ಎಂದರೆ ಚಿತ್ರದ ಪ್ರತಿ, ಅದಕ್ಕೆ ಆಧಾರವಾದ ಕೃತಿ ಇದ್ದಲ್ಲಿ ಆ ಕೃತಿ, ನಿರ್ದೇಶಕನ ಸಂದರ್ಶನಗಳು ಹಾಗೂ ಬಿಡುಗಡೆಯ ಸಂದರ್ಭದಲ್ಲಿ ಪತ್ರಿಕೆಗಳಲ್ಲಿ ಬಂದ ಬರಹಗಳು. ಇವುಗಳಲ್ಲಿ ಚಿತ್ರದ ಪ್ರತಿಯನ್ನು ಬಿಟ್ಟರೆ ಉಳಿದವೆಲ್ಲ ಚಿತ್ರೀಕರಣಕ್ಕೆ ಮೊದಲಿನವು, ಇಲ್ಲವೇ ಎಲ್ಲವೂ ಮುಗಿದು ಸೋಲು ಗೆಲುವು ತಿಳಿದ ಮೇಲಿನವು. ಚಿತ್ರ ತಯಾರಾಗುತ್ತಿದ್ದ ದಿನಗಳಲ್ಲಿಯೇ, ಆ ತಯಾರಿಕೆಯ ಅಂಗವಾಗಿಯೇ ಹುಟ್ಟುವ ಬರವಣಿಗೆ ಬೇರೆ ಇದೆ. ಅದರ ಬಹುಪಾಲು ಸಹಾಯಕ ನಿರ್ದೇಶಕನ ಕೈಯದು. ಅದು ಯಾವ ಓದುಗನನ್ನೂ ಉದ್ದೇಶಿಸಿ ಬರೆದದ್ದಲ್ಲ. ನಾಳೆ ಬೆಳಿಗ್ಗೆ ಎಷ್ಟು ಗಂಟೆಗೆ ಯಾರು ಎಲ್ಲಿಗೆ ಬರಬೇಕು, ಇಂದು ಎಷ್ಟು ಕೆಲಸವಾಯಿತು ಎಂಬುದರಾಚೆಗೆ ಅದಕ್ಕೆ ಹೇಳಬೇಕಾದ ಮಾತಿಲ್ಲ. ಈ ನಿರ್ಲಿಪ್ತತೆಯೇ ಅದರ ಬೆಲೆ. ಚಿತ್ರ ಮುಗಿದ ಮರುದಿನವೇ ಅದು ರದ್ದಿಗೆ ಹೋಗುವುದಕ್ಕೂ ಇದೇ ಕಾರಣ.

ಈ ಕಾಗದಗಳು ಯಾವುವು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಅಮೆರಿಕದ ಚಿತ್ರೋದ್ಯಮದಲ್ಲಿ ಇವುಗಳಿಗೆ ಸ್ಥಿರವಾದ ನಮೂನೆಗಳಿವೆ. ಚಿತ್ರಕಥೆಯನ್ನು ದೃಶ್ಯದೃಶ್ಯವಾಗಿ ಒಡೆದು, ಪ್ರತಿಯೊಂದಕ್ಕೂ ಬೇಕಾದ ಪಾತ್ರಧಾರಿ, ಉಡುಪು, ಪರಿಕರ, ವಾಹನ, ಪ್ರಾಣಿಗಳನ್ನು ಗುರುತಿಸುವ ವಿಭಜನೆಯ ಹಾಳೆ ಮೊದಲನೆಯದು. ಅದರಿಂದ ಹುಟ್ಟುವುದು ರಟ್ಟಿನ ಬಣ್ಣಬಣ್ಣದ ಪಟ್ಟಿಗಳ ಹಲಗೆ: ಒಂದು ಪಟ್ಟಿಗೆ ಒಂದು ದೃಶ್ಯ, ಹಗಲಿಗೊಂದು ಬಣ್ಣ, ರಾತ್ರಿಗೊಂದು, ಒಳಾಂಗಣಕ್ಕೊಂದು, ಹೊರಾಂಗಣಕ್ಕೊಂದು. ಪಟ್ಟಿಗಳನ್ನು ಹಿಂದೆ ಮುಂದೆ ಸರಿಸಿ ಕತೆಯ ಕ್ರಮವನ್ನು ಮುರಿದು ಖರ್ಚಿನ ಕ್ರಮಕ್ಕೆ ತರುವುದೇ ಸಹಾಯಕ ನಿರ್ದೇಶಕನ ಮೊದಲ ಕೆಲಸ. ಆಮೇಲೆ ದಿನವೂ ಎರಡು ಹಾಳೆಗಳು: ಮರುದಿನದ ಕೆಲಸವನ್ನು ಸಾರುವ ಕಾಲ್‌ಷೀಟ್, ಮುಗಿದ ದಿನದ ಲೆಕ್ಕ ಒಪ್ಪಿಸುವ ದಿನವರದಿ. ಮೊದಲ ಷಾಟ್ ತೆಗೆದ ಗಂಟೆ, ಊಟಕ್ಕೆ ಬಿಟ್ಟ ಗಂಟೆ, ಖರ್ಚಾದ ಫಿಲ್ಮಿನ ಅಡಿಗಳು, ಮುಗಿದ ಪುಟಗಳು ದಿನವರದಿಯಲ್ಲಿ ದಾಖಲಾಗುತ್ತವೆ. ಚಿತ್ರಕಥೆಯ ಒಂದು ಪುಟವನ್ನು ಎಂಟು ಭಾಗ ಮಾಡಿ, ಇಂದು ಎರಡು ಪುಟ ಮೂರು ಎಂಟಾಂಶ ಮುಗಿಯಿತು ಎಂದು ಬರೆಯುವ ಪದ್ಧತಿಯನ್ನು ನೋಡಿದರೆ, ಕಲೆಯನ್ನು ತೂಕಕ್ಕಿಟ್ಟು ಮಾರುವ ಅಂಗಡಿಯ ನೆನಪಾಗುವುದು ಸಹಜ. ಆದರೆ ಆ ತೂಕದ ಲೆಕ್ಕವಿಲ್ಲದೆ ಯಾವ ದೊಡ್ಡ ಚಿತ್ರವೂ ಮುಗಿದದ್ದಿಲ್ಲ.

ಕನ್ನಡದಲ್ಲಿ ಕಾಲ್‌ಷೀಟ್ ಎಂಬ ಶಬ್ದ ಪಡೆದಿರುವ ಅರ್ಥ ಇಲ್ಲಿ ಗಮನಾರ್ಹವಾದುದು. ನಮ್ಮ ಚಿತ್ರರಂಗದಲ್ಲಿ ಕಾಲ್‌ಷೀಟ್ ಎಂದರೆ ಕಾಗದವಲ್ಲ; ನಟನು ನಿರ್ಮಾಪಕನಿಗೆ ಕೊಡುವ ದಿನಗಳು, ಅಥವಾ ಕಾರ್ಮಿಕರ ಒಂದು ಪಾಳಿಯ ಅವಧಿ. ಇಂಥ ನಟ ಕಾಲ್‌ಷೀಟ್ ಕೊಟ್ಟಿದ್ದಾರೆ, ಇಂಥವರ ಕಾಲ್‌ಷೀಟ್ ಸಿಗಲಿಲ್ಲ, ಕೆಲಸ ಒಂದೂವರೆ ಕಾಲ್‌ಷೀಟ್ ಹಿಡಿಯಿತು ಎನ್ನುವ ಮಾತುಗಳು ಸಿನಿಮಾ ಪುಟಗಳನ್ನು ಓದುವವರಿಗೆಲ್ಲ ಪರಿಚಿತ. ಹಾಳೆಯನ್ನು ಹೇಳುತ್ತಿದ್ದ ಶಬ್ದ ಇಲ್ಲಿ ಕಾಲವನ್ನು, ಅದಕ್ಕಿಂತ ಹೆಚ್ಚಾಗಿ ತಾರೆಯ ಅನುಗ್ರಹವನ್ನು ಹೇಳತೊಡಗಿತು. ಶಬ್ದ ಉಳಿಯಿತು, ಕಾಗದ ಕಳೆಯಿತು. ಕನ್ನಡ ಚಿತ್ರರಂಗದ ದಾಖಲೆಗಳ ಸ್ಥಿತಿಯನ್ನು ಈ ಅರ್ಥಾಂತರ ತಾನಾಗಿಯೇ ಹೇಳುತ್ತದೆ.

ಸಹಾಯಕ ನಿರ್ದೇಶಕನ ಕೆಲಸಕ್ಕೆ ಸಾರ್ವಜನಿಕ ಮನ್ನಣೆ ಎಂದೂ ಇರಲಿಲ್ಲವೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ಅಕಾಡೆಮಿ ಪ್ರಶಸ್ತಿಗಳಲ್ಲಿ ಶ್ರೇಷ್ಠ ಸಹಾಯಕ ನಿರ್ದೇಶಕ ಎಂಬ ವಿಭಾಗ ಐದು ಬಾರಿಯ ಮಟ್ಟಿಗೆ ಇತ್ತು. 1937ರ ಚಿತ್ರಗಳೊಂದಿಗೆ ಅದು ನಿಂತಿತು. ಮೊದಲ ಬಾರಿ ಯಾವ ಚಿತ್ರವನ್ನೂ ಹೆಸರಿಸದೆ, ಬೇರೆ ಬೇರೆ ಸಂಸ್ಥೆಗಳ ಏಳು ಮಂದಿಗೆ ಒಟ್ಟಿಗೆ ಪ್ರಶಸ್ತಿ ಕೊಡಲಾಯಿತು. ಈ ಪ್ರಶಸ್ತಿ ಒಂದು ಕೃತಿಗಲ್ಲ, ವರ್ಷವಿಡೀ ಮಾಡಿದ ದುಡಿಮೆಗೆ ಎಂಬ ಅರಿವು ಅದರಲ್ಲಿದ್ದಂತೆ ಕಾಣುತ್ತದೆ. ಮುಂದಿನ ವರ್ಷಗಳಲ್ಲಿ ಚಿತ್ರಗಳ ಹೆಸರು ಬಂದಿತು. 1935ರಲ್ಲಿ 'ದಿ ಲೈವ್ಸ್ ಆಫ್ ಎ ಬೆಂಗಾಲ್ ಲ್ಯಾನ್ಸರ್', 1936ರಲ್ಲಿ 'ದಿ ಚಾರ್ಜ್ ಆಫ್ ದಿ ಲೈಟ್ ಬ್ರಿಗೇಡ್', 1937ರಲ್ಲಿ ಇಡೀ ನಗರವೇ ಹೊತ್ತಿ ಉರಿಯುವ 'ಇನ್ ಓಲ್ಡ್ ಷಿಕಾಗೊ'. ಮೊದಲೆರಡು ಚಿತ್ರಗಳಲ್ಲಿ ಬ್ರಿಟಿಷ್ ಸೈನ್ಯದ ಭಾರತವಿದೆ. ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ ಕುದುರೆಗಳನ್ನೂ ನೂರಾರು ಜನರನ್ನೂ ನಿಲ್ಲಿಸಿ ಭಾರತವೆಂದು ನಂಬಿಸಿದ ಕೆಲಸಕ್ಕೆ ಈ ಗೌರವ ಸಂದಿತು. ಜನಜಂಗುಳಿಯನ್ನು ಹಿಡಿತದಲ್ಲಿಡುವುದೇ ಸಹಾಯಕನ ಕಲೆ ಎಂಬ ತಿಳಿವಳಿಕೆ ಈ ಆಯ್ಕೆಗಳ ಹಿಂದಿದೆ. ವಸಾಹತು ಕಾಲದ ಚಿತ್ರಗಳನ್ನು ಕುರಿತು ಕೆಲಸ ಮಾಡುವವರು ಪರದೆಯ ಮೇಲಿನ 'ಭಾರತೀಯ' ಗುಂಪನ್ನು ಮಾತ್ರ ವಿಶ್ಲೇಷಿಸಿ, ಆ ಗುಂಪಿನಲ್ಲಿ ನಿಂತವರು ಯಾರು, ಅವರಿಗೆ ಸಂದದ್ದೆಷ್ಟು ಎಂಬುದನ್ನು ಕೇಳದೆ ಬಿಡುವುದುಂಟು. ಉತ್ತರವಿರುವುದು ದಿನವರದಿಗಳಲ್ಲಿ.

ಇಂಥ ಕಾಗದಗಳು ವಿಮರ್ಶೆಗೆ ಹೇಗೆ ಒದಗುತ್ತವೆ ಎಂಬುದಕ್ಕೆ ಆಲ್ಫ್ರೆಡ್ ಹಿಚ್‌ಕಾಕ್‌ರ 'ಸೈಕೊ' (1960) ಒಳ್ಳೆಯ ನಿದರ್ಶನ. ಈ ಚಿತ್ರವನ್ನು ನಿರ್ದೇಶಕನ ಏಕಾಂಗಿ ಪ್ರತಿಭೆಯ ಪರಾಕಾಷ್ಠೆಯೆಂದು ಕೊಂಡಾಡುವುದು ರೂಢಿ. 1954ರಲ್ಲಿ ಫ್ರಾಂಸ್ವಾ ತ್ರೂಫೊ ಬರೆದ ಪ್ರಬಂಧದಿಂದ ಬಲಗೊಂಡು, 1962ರಲ್ಲಿ ಆಂಡ್ರ್ಯೂ ಸ್ಯಾರಿಸ್ ಮೂಲಕ ಅಮೆರಿಕಕ್ಕೆ ಬಂದ ನಿರ್ದೇಶಕ ಕರ್ತೃತ್ವದ ವಾದಕ್ಕೆ ಹಿಚ್‌ಕಾಕ್ ಪ್ರಮುಖ ಆಧಾರಸ್ತಂಭ. ಆದರೆ 'ಸೈಕೊ' ತಯಾರಾದ ಬಗೆ ಬೇರೊಂದು ಚಿತ್ರವನ್ನು ಕೊಡುತ್ತದೆ. 1955ರಲ್ಲಿ ಆರಂಭವಾದ 'ಆಲ್ಫ್ರೆಡ್ ಹಿಚ್‌ಕಾಕ್ ಪ್ರೆಸೆಂಟ್ಸ್' ದೂರದರ್ಶನ ಮಾಲಿಕೆಗೆ ಕೆಲಸ ಮಾಡುತ್ತಿದ್ದ ತಂಡವನ್ನೇ ಹಿಚ್‌ಕಾಕ್ ಬಹುಮಟ್ಟಿಗೆ ಈ ಚಿತ್ರಕ್ಕೆ ಬಳಸಿಕೊಂಡರು. ಛಾಯಾಗ್ರಾಹಕ ಜಾನ್ ರಸೆಲ್, ಸಹಾಯಕ ನಿರ್ದೇಶಕ ಹಿಲ್ಟನ್ ಗ್ರೀನ್ ಇಬ್ಬರೂ ಮಾಲಿಕೆಯಿಂದ ಬಂದವರು. ಖರ್ಚು ಸುಮಾರು ಎಂಟು ಲಕ್ಷ ಡಾಲರುಗಳ ಮಿತಿಯಲ್ಲಿ ನಿಂತದ್ದಕ್ಕೆ ಈ ತಂಡದ ಅಭ್ಯಾಸಬಲವೇ ಮುಖ್ಯ ಕಾರಣ. ಅರ್ಧ ಗಂಟೆಯ ಕಂತೊಂದನ್ನು ಎರಡು ಮೂರು ದಿನಗಳಲ್ಲಿ ಮುಗಿಸಿ ಪಳಗಿದ ಕೈಗಳು ಅವು.

ಅದೇ ತಂಡ 1959ರ ಡಿಸೆಂಬರ್ ತಿಂಗಳಿನಲ್ಲಿ ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಏಳು ದಿನ ತೆಗೆದುಕೊಂಡಿತು. ಪರದೆಯ ಮೇಲೆ ಕೊಲೆ ನಡೆಯುವ ಅವಧಿ ಒಂದು ನಿಮಿಷಕ್ಕೂ ಕಡಿಮೆ. ಈ ಸಂಗತಿಯನ್ನು ಹಿಚ್‌ಕಾಕ್ ಕುರಿತ ಪುಸ್ತಕಗಳೆಲ್ಲ ಹೇಳುತ್ತವೆ. ಆದರೆ ಅದರ ನಿಜವಾದ ತೂಕ ತಿಳಿಯಬೇಕಾದರೆ ಅದನ್ನು ಮಾಲಿಕೆಯ ಕಂತುಗಳ ಪಕ್ಕದಲ್ಲಿಟ್ಟು ನೋಡಬೇಕು. ಎರಡು ಮೂರು ಕಂತುಗಳು ಪೂರ್ತಿಯಾಗಿ ಮುಗಿಯಬಹುದಾದಷ್ಟು ದಿನಗಳನ್ನು ಒಂದು ನಿಮಿಷಕ್ಕೆ ಸುರಿಯಲಾಯಿತು. ಮಿಕ್ಕ ಭಾಗಗಳನ್ನು ದೂರದರ್ಶನದ ವೇಗದಲ್ಲಿ ತೆಗೆದು, ಉಳಿಸಿದ ಸಮಯವನ್ನೆಲ್ಲ ಒಂದು ಕಡೆ ವ್ಯಯಮಾಡುವ ಈ ಹಂಚಿಕೆಯೂ ಒಂದು ಕಲಾತ್ಮಕ ನಿರ್ಣಯವೇ. ನಿರ್ದೇಶಕನ ಕಡತ 'ಸೈಕೊ'ವನ್ನು ಒಂದು ಕೃತಿಯಾಗಿ ಪ್ರತ್ಯೇಕಿಸಿ ತೋರಿಸುತ್ತದೆ. ಸಹಾಯಕನ ವೃತ್ತಿಪತ್ರಗಳಾದರೋ ಅದನ್ನು ಮುನ್ನೆಲೆಗೆ ತರದೆ, ಹೆಸರು ಮರೆತುಹೋದ ಕಂತುಗಳ ಸಾಲಿನಲ್ಲಿ, ಅದೇ ನಮೂನೆಯ ಹಾಳೆಗಳಲ್ಲಿ, ಅದೇ ಅಂಕಣಗಳಡಿಯಲ್ಲಿ ಇಡುತ್ತವೆ. ಮೇರುಕೃತಿಗೂ ಮಾಮೂಲಿ ಕಂತಿಗೂ ಅಲ್ಲಿ ಒಂದೇ ಅಳತೆಗೋಲು. ಅಪವಾದವನ್ನು ಅಪವಾದವೆಂದು ಗುರುತಿಸಲು ಮಾಮೂಲಿ ಯಾವುದೆಂಬುದು ಗೊತ್ತಿರಬೇಕಷ್ಟೆ. ಅದನ್ನು ತಿಳಿಸುವುದು ಈ ಸಾಲು.

ಇದೇ ದೃಶ್ಯವನ್ನು ಕುರಿತು ದೀರ್ಘಕಾಲ ನಡೆದ ಕರ್ತೃತ್ವದ ವಿವಾದವೂ ಇಲ್ಲಿ ಪ್ರಸ್ತುತ. ಚಿತ್ರದ ಶೀರ್ಷಿಕೆಗಳನ್ನು ರೂಪಿಸಿದ, ಕೊಲೆಯ ದೃಶ್ಯಕ್ಕೆ ರೇಖಾಚಿತ್ರಗಳನ್ನು ಬರೆದುಕೊಟ್ಟ ಸಾಲ್ ಬಾಸ್ ಅದನ್ನು ನಿರ್ದೇಶಿಸಿದವನೂ ತಾನೇ ಎಂದು ಮುಂದೆ ಹೇಳಿಕೊಂಡರು. ನಟಿ ಜಾನೆಟ್ ಲೀ ಇದನ್ನು ಅಲ್ಲಗಳೆದರು. ಹಿಲ್ಟನ್ ಗ್ರೀನ್ ಕೂಡ, ಕ್ಯಾಮರಾ ಚಾಲೂ ಮಾಡಿಸುವುದು ತನ್ನ ಕೆಲಸವಾಗಿದ್ದುದರಿಂದ ತಾನಿಲ್ಲದೆ ಯಾವ ಷಾಟೂ ಆಗಿಲ್ಲವೆಂದೂ, ಅಲ್ಲಿ ನಿರ್ದೇಶಿಸಿದವರು ಹಿಚ್‌ಕಾಕ್ ಅವರೇ ಎಂದೂ ಸ್ಪಷ್ಟವಾಗಿ ಹೇಳಿದರು. ನಿರ್ದೇಶಕನ ಕೀರ್ತಿಗೆ ಸವಾಲು ಬಂದಾಗ ಅದನ್ನು ಕಾಪಾಡಿದವನು ವಿಮರ್ಶೆ ಎಂದೂ ಲೆಕ್ಕಕ್ಕಿಡದ ಸಹಾಯಕ. ಸಹಾಯಕನ ಮಾತಿಗೆ ಇಲ್ಲಿ ಬೆಲೆ ಬಂದದ್ದು ಅವನ ರಸಜ್ಞತೆಯಿಂದಲ್ಲ, ಹಾಜರಿಯಿಂದ.

ಆದರೆ ಇದೇ ಚಿತ್ರದ ಇನ್ನೊಂದು ಪ್ರಸಂಗ ಕಾಗದದ ಮಿತಿಯನ್ನೂ ತೋರಿಸುತ್ತದೆ. ಪತ್ತೇದಾರ ಆರ್ಬೊಗಾಸ್ಟ್ ಮೆಟ್ಟಿಲು ಹತ್ತುವ ಭಾಗವನ್ನು ಚಿತ್ರೀಕರಿಸಬೇಕಾದ ದಿನ ಹಿಚ್‌ಕಾಕ್ ಜ್ವರದಿಂದ ಮಲಗಿದ್ದರು. ಬಾಸ್ ಬರೆದ ರೇಖಾಚಿತ್ರಗಳನ್ನು ಅನುಸರಿಸಿ ಸಹಾಯಕನೂ ಛಾಯಾಗ್ರಾಹಕನೂ ಕೆಲಸ ಮುಗಿಸಿದರು: ಕಟಕಟೆಯ ಮೇಲೆ ಸರಿಯುವ ಕೈ, ಮೆಟ್ಟಿಲೇರುವ ಪಾದಗಳು. ಮರಳಿ ಬಂದ ಹಿಚ್‌ಕಾಕ್ ಆ ತುಣುಕುಗಳನ್ನು ನೋಡಿ ಕೈಬಿಟ್ಟರು. ಬಿಡಿಬಿಡಿಯಾದ ಕೈಕಾಲುಗಳ ಚಿತ್ರಗಳು ಆ ಮನುಷ್ಯನನ್ನೇ ಅಪರಾಧಿಯಂತೆ ಕಾಣಿಸುತ್ತಿದ್ದವು. ಅವನಾದರೋ ಏನೂ ಅರಿಯದೆ ಸಾವಿನೆಡೆಗೆ ನಡೆಯುವ ನಿರಪರಾಧಿ. ದಿನವರದಿಯ ಲೆಕ್ಕದಲ್ಲಿ ಅದು ಸಫಲವಾದ ದಿನ: ಪುಟ ಮುಗಿದಿದೆ, ಫಿಲ್ಮ್ ಖರ್ಚಾಗಿದೆ, ವೇಳಾಪಟ್ಟಿ ತಪ್ಪಿಲ್ಲ. ಚಿತ್ರದ ಲೆಕ್ಕದಲ್ಲಿ ಅದು ನಷ್ಟವಾದ ದಿನ. ಆದ್ದರಿಂದ ಈ ಕಾಗದಗಳನ್ನು ಕೈಗೆತ್ತಿಕೊಂಡು, ಇನ್ನು ಮೇಲೆ ಸಹಾಯಕನೇ ನಿಜವಾದ ಕರ್ತೃ ಎಂದು ಸಾರಹೊರಡುವ ಉತ್ಸಾಹ ಒಬ್ಬ ದೇವರನ್ನು ಇಳಿಸಿ ಇನ್ನೊಬ್ಬನನ್ನು ಕೂರಿಸಿದಂತೆಯೇ ಸರಿ.

ಕಾಗದ ಸುಳ್ಳನ್ನೂ ಹೇಳಬಲ್ಲುದು. ದಿನವರದಿ ನಿರ್ಮಾಪಕನ ಕಚೇರಿಗೆ ಹೋಗುವ ಹಾಳೆ. ವಿಳಂಬದ ಕಾರಣ ಅಲ್ಲಿ ಯಾರಿಗೂ ನೋವಾಗದ ಮಾತುಗಳಲ್ಲಿ ಇರುತ್ತದೆ. ತಾರೆ ತಡವಾಗಿ ಬಂದರೆ ಅದು ಬೆಳಕಿನ ವ್ಯವಸ್ಥೆಯ ವಿಳಂಬವಾಗುವುದು ಕಷ್ಟವಲ್ಲ. ಇದಕ್ಕಿಂತ ಗಂಭೀರವಾದದ್ದು ಹಾಳೆಗೆ ಬಾರದ ಹೆಸರುಗಳು. 1982ರ ಜುಲೈ 23ರಂದು ಕ್ಯಾಲಿಫೋರ್ನಿಯದಲ್ಲಿ 'ಟ್ವೈಲೈಟ್ ಜೋನ್' ಚಿತ್ರದ ರಾತ್ರಿಯ ಚಿತ್ರೀಕರಣದ ವೇಳೆ ಹೆಲಿಕಾಪ್ಟರ್ ಉರುಳಿ ನಟ ವಿಕ್ ಮಾರೊ ಹಾಗೂ ಇಬ್ಬರು ಮಕ್ಕಳು ಸತ್ತರು. ಆ ಮಕ್ಕಳನ್ನು ಬಾಲಕಾರ್ಮಿಕ ಕಾನೂನು ಕೇಳುವ ಅನುಮತಿಪತ್ರವಿಲ್ಲದೆ, ಆ ವಯಸ್ಸಿನವರು ದುಡಿಯಬಾರದ ಹೊತ್ತಿನಲ್ಲಿ ಕರೆತರಲಾಗಿತ್ತು. ಅಪಘಾತದ ಹೊಣೆ ಹೊರಿಸಲ್ಪಟ್ಟವರು 1987ರಲ್ಲಿ ನ್ಯಾಯಾಲಯದಿಂದ ನಿರ್ದೋಷಿಗಳೆನಿಸಿದರು. ಆದರೆ ಮಕ್ಕಳ ದುಡಿಮೆ ಕಾನೂನಿನ ಕಣ್ತಪ್ಪಿಸಿ ನಡೆದದ್ದು ನಿಜ. ಸಂಶೋಧಕನಿಗೆ ಇದರಿಂದ ಹೊಳೆಯಬೇಕಾದ ಪಾಠ, ಪಟ್ಟಿಯನ್ನು ಓದುವಾಗ ಪಟ್ಟಿಯ ಹೊರಗೆ ಯಾರಿದ್ದರೆಂದು ಕೇಳುವುದು. ಆ ಪ್ರಶ್ನೆ ಕೇಳುವುದಕ್ಕೂ ಪಟ್ಟಿಯೊಂದು ಉಳಿದಿರಬೇಕು.

ಈ ಮಾತು ಕರ್ನಾಟಕಕ್ಕೆ ದೂರದ್ದಲ್ಲ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ದೂರದರ್ಶನ ಧಾರಾವಾಹಿಯ ಚಿತ್ರೀಕರಣದ ವೇಳೆ ಎದ್ದ ಬೆಂಕಿಗೆ ಬಲಿಯಾದವರು ಅರವತ್ತಕ್ಕೂ ಹೆಚ್ಚು ಮಂದಿ. ಆ ಘಟನೆ ಸಾರ್ವಜನಿಕ ನೆನಪಿನಲ್ಲಿ ಉಳಿದಿರುವುದು ಬದುಕುಳಿದ ನಾಯಕನಟನ ಹೆಸರಿನೊಂದಿಗೆ. ಅಂದು ಸೆಟ್ಟಿನೊಳಗಿದ್ದ ಸಹಕಲಾವಿದರು, ದೀಪ ಹಿಡಿದವರು, ಬಡಗಿಗಳು ಯಾರು ಎಂಬ ಪ್ರಶ್ನೆಗೆ ಚಿತ್ರರಂಗ ತಾನೇ ಬರೆದಿಡಬಹುದಾದ ಉತ್ತರ ಒಂದೇ: ಆ ದಿನದ ಹಾಜರಿಯ ಹಾಳೆ. ಅದನ್ನು ಕಲೆಯ ಇತಿಹಾಸದ ಆಕರವೆಂದಷ್ಟೇ ನೋಡುವುದು ಸಾಲದು.

ಕನ್ನಡದಲ್ಲಿ ಸಹಾಯಕ ನಿರ್ದೇಶಕನ ಸ್ಥಾನ ಹಾಲಿವುಡ್‌ನದಕ್ಕಿಂತ ಭಿನ್ನವಾದುದು. ಅಲ್ಲಿ ಅದೊಂದು ಸ್ವತಂತ್ರ ವೃತ್ತಿ. 1937ರಿಂದಲೇ ಸಹಾಯಕರಿಗೆ ನಿರ್ದೇಶಕರ ಸಂಘದಲ್ಲಿ ಜಾಗವಿತ್ತು. ಅವರ ಮುಂದಿನ ಮೆಟ್ಟಿಲು ಬಹುಮಟ್ಟಿಗೆ ನಿರ್ಮಾಣದ ಮೇಲ್ವಿಚಾರಣೆ. ಗ್ರೀನ್ ಅವರೂ ಮುಂದೆ 'ಸೈಕೊ'ವಿನ 1983 ಮತ್ತು 1986ರ ಮುಂದುವರಿಕೆಗಳಿಗೆ ನಿರ್ಮಾಪಕರಾದರೇ ಹೊರತು ನಿರ್ದೇಶಕರಾಗಲಿಲ್ಲ. ಇಲ್ಲಿಯಾದರೋ ಸಹಾಯಕನೆಂದರೆ ಗುರುವಿನ ಬಳಿ ವಿದ್ಯೆ ಕಲಿಯುವ ಶಿಷ್ಯ. ಬಿ.ಆರ್. ಪಂತುಲು ಅವರ ಬಳಿ ಪುಟ್ಟಣ್ಣ ಕಣಗಾಲ್, ಪುಟ್ಟಣ್ಣನವರ ಬಳಿ ತಮಿಳಿನ ಭಾರತಿರಾಜಾ, ಚೇತನ್ ಆನಂದ್ ಬಳಿ ಮೈಸೂರಿನ ಎಂ.ಎಸ್. ಸತ್ಯು, 'ಚೋಮನ ದುಡಿ'ಯಲ್ಲಿ (1975) ಬಿ.ವಿ. ಕಾರಂತರ ಬಳಿ ಗಿರೀಶ ಕಾಸರವಳ್ಳಿ. ಸಂಗೀತದ ಘರಾನೆಯಂತೆ ಈ ಪರಂಪರೆಯನ್ನು ಹೇಳಿಕೊಳ್ಳುವುದರಲ್ಲಿ ಒಂದು ಹೆಮ್ಮೆಯಿದೆ. ಅದರ ಪರಿಣಾಮ ಮಾತ್ರ ದಾಖಲೆಗೆ ಅನುಕೂಲವಾಗಿಲ್ಲ. ನಿರ್ದೇಶಕನಾದ ಮೇಲೆ ಸಹಾಯಕನಾಗಿದ್ದ ಕಾಲದ ಕಾಗದಗಳು ಶಾಲೆಯ ಕಾಪಿ ಪುಸ್ತಕದಂತೆ ಬೇಡವಾಗುತ್ತವೆ. ನಿರ್ದೇಶಕನಾಗದೆ ಉಳಿದವನ ಕಾಗದಗಳನ್ನು ಸೋತವನ ಸಾಮಾನೆಂದು ಯಾರೂ ಕೇಳುವುದಿಲ್ಲ. ಜೀವಮಾನವಿಡೀ ಸಹಾಯಕನಾಗಿಯೇ ದುಡಿದವನ ವೃತ್ತಿಯನ್ನು ಅರ್ಧಕ್ಕೆ ನಿಂತ ಪಯಣವೆಂದು ಕಾಣುವ ದೃಷ್ಟಿಯೇ ತಪ್ಪು. ಅಂಥವನ ಬಳಿ ಇರಬಹುದಾದ ಇತಿಹಾಸ ಒಂದೆರಡು ಚಿತ್ರಗಳ ಬಳಿಕ ಮೇಲೇರಿದವನ ಬಳಿ ಇರಲಾರದು.

ಇನ್ನೊಂದು ವ್ಯತ್ಯಾಸ ಕನ್ನಡದ ಸಾಮಗ್ರಿಯನ್ನು ಹೆಚ್ಚು ಶ್ರೀಮಂತವಾಗಿಸುತ್ತದೆ. ಹಾಲಿವುಡ್‌ನಲ್ಲಿ ಕಂಟಿನ್ಯುಟಿ ನೋಡುವುದು ಪ್ರತ್ಯೇಕ ಉದ್ಯೋಗ. ಬಹುಕಾಲ ಅದನ್ನು ಮಾಡಿದವರು ಹೆಂಗಸರು, ಅವರ ಹೆಸರುಗಳು ಸಹಾಯಕರದಕ್ಕಿಂತಲೂ ಬೇಗ ಅಳಿಸಿಹೋದವು. ಕನ್ನಡದಲ್ಲಿ ಕ್ಲಾಪ್ ಹೊಡೆಯುವುದು, ಸಂಭಾಷಣೆ ಹೇಳಿಕೊಡುವುದು, ಕಂಟಿನ್ಯುಟಿ ಬರೆಯುವುದು ಎಲ್ಲವೂ ಸಹಾಯಕರ ಪಾಲಿಗೆ ಬಂದಿದ್ದವು. ಹಾಗಾಗಿ ಇಲ್ಲಿಯ ಸಹಾಯಕನ ನೋಟ್‌ಬುಕ್ಕಿನಲ್ಲಿ ಆಡಳಿತದ ಲೆಕ್ಕದ ಜೊತೆಗೆ ಯಾವ ಕೈಯಲ್ಲಿ ಕೊಡವಿತ್ತು, ಸೆರಗು ಎಡಕ್ಕೋ ಬಲಕ್ಕೋ, ಚಿತ್ರೀಕರಣದ ಹೊತ್ತಿನಲ್ಲಿ ಸಂಭಾಷಣೆಯ ಯಾವ ಮಾತು ಬದಲಾಯಿತು ಎಂಬ ವಿವರಗಳೂ ಸೇರುತ್ತವೆ. ಕನ್ನಡ ಚಿತ್ರಸಂಭಾಷಣೆಯ ಭಾಷೆಯನ್ನು ಅಭ್ಯಾಸ ಮಾಡುವವರಿಗೆ ಈ ಕೊನೆಯದು ಅಮೂಲ್ಯ. ಅಚ್ಚಾದ ಕಾದಂಬರಿಗೂ ಪರದೆಯ ಮೇಲಿನ ಮಾತಿಗೂ ನಡುವೆ ನಡೆದದ್ದೇನೆಂಬುದನ್ನು ಅದು ಕಾಣಿಸುತ್ತದೆ. 'ಸಂಸ್ಕಾರ'ದಿಂದ (1970) ಈಚೆಗೆ ಕನ್ನಡದ ಗಂಭೀರ ಚಿತ್ರವಿಮರ್ಶೆ ಬಹುಪಾಲು ಕಾದಂಬರಿಯನ್ನೂ ಚಿತ್ರವನ್ನೂ ಎದುರುಬದುರಿಟ್ಟು ನಿಷ್ಠೆಯನ್ನು ಅಳೆಯುವ ಕೆಲಸ ಮಾಡಿದೆ. ನಡುವಿನ ಹಂತ ಕೈಗೆ ಸಿಗದಿದ್ದುದರಿಂದ ಅದನ್ನು ಇಲ್ಲವೆಂದೇ ಭಾವಿಸಿದಂತಿದೆ.

ಯೋಜನೆಯ ಶಿಸ್ತು ದಕ್ಷಿಣದ ಚಿತ್ರರಂಗಕ್ಕೆ ಅಪರಿಚಿತವಾಗಿತ್ತೆಂದು ಹೇಳಲಾಗದು. 'ಮಾಯಾಬಜಾರ್' (1957) ತೆಗೆದ ಕೆ.ವಿ. ರೆಡ್ಡಿಯವರು ದೃಶ್ಯಗಳ ಅವಧಿಯನ್ನು ತಾಲೀಮಿನ ಹಂತದಲ್ಲಿಯೇ ಗಡಿಯಾರ ಹಿಡಿದು ಗೊತ್ತುಪಡಿಸುತ್ತಿದ್ದರು. ಆ ಚಿತ್ರದಲ್ಲಿ ಸಹಾಯಕರಾಗಿದ್ದ ಸಿಂಗೀತಂ ಶ್ರೀನಿವಾಸರಾವ್ ಕನ್ನಡದಲ್ಲಿ 'ಹಾಲು ಜೇನು' (1982), 'ಚಲಿಸುವ ಮೋಡಗಳು' (1982), 'ಪುಷ್ಪಕ ವಿಮಾನ' (1987) ಚಿತ್ರಗಳನ್ನು ನಿರ್ದೇಶಿಸಿದರು. ಮಾತಿಲ್ಲದ 'ಪುಷ್ಪಕ ವಿಮಾನ'ದಲ್ಲಿ ಕಾಲದ ಅಳತೆಯೇ ಸಂಭಾಷಣೆಯ ಸ್ಥಾನದಲ್ಲಿ ನಿಂತಿರುವುದನ್ನು ನೋಡಿದರೆ, ಸಹಾಯಕನಾಗಿ ಕಲಿತ ಎಣಿಕೆಯ ವಿದ್ಯೆ ಕಲೆಯೊಳಗೆ ಹೇಗೆ ಇಳಿಯಬಲ್ಲದೆಂಬುದು ಹೊಳೆಯುತ್ತದೆ.

ದೂರದರ್ಶನದ ಕಡೆಯಿಂದ ನೋಡಿದರೆ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' (1986) ಅಧ್ಯಯನಕ್ಕೆ ತಕ್ಕ ವಸ್ತು. ಆಗುಂಬೆಯಂಥ ಮಳೆಯೂರನ್ನು ಆರ್.ಕೆ. ನಾರಾಯಣರ ಬಯಲು ಪಟ್ಟಣವಾಗಿಸಿದ ಈ ಮಾಲಿಕೆಯಲ್ಲಿ ಬೀದಿ, ಮನೆಗಳು ಕತೆಯಿಂದ ಕತೆಗೆ ಮರಳಿ ಬರುತ್ತವೆ. ನಟರು ಒಂದು ಕತೆಯಲ್ಲಿ ಒಬ್ಬರಾಗಿ, ಮತ್ತೊಂದರಲ್ಲಿ ಇನ್ನೊಬ್ಬರಾಗಿ ಕಾಣಿಸಿಕೊಳ್ಳುತ್ತಾರೆ. ಕೆಲವು ಕಂತುಗಳು ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ತಯಾರಾದವು. ಪ್ರೇಕ್ಷಕನಿಗೆ ಇದು ಒಂದು ಊರಿನ ಅಖಂಡತೆಯಾಗಿ ತೋರಿದರೆ, ಅದರ ಹಿಂದೆ ಇರಲೇಬೇಕಾದದ್ದು ಪಟ್ಟಿಗಳ ದೊಡ್ಡ ಕಟ್ಟು. ಮಾಲ್ಗುಡಿಯ ಕಲ್ಪಿತ ಭೂಗೋಳವನ್ನು ಕುರಿತು ಸಾಕಷ್ಟು ಬರೆದಾಗಿದೆ. ಅದು ಆಗುಂಬೆಯ ಯಾವ ಅಂಗಳದಲ್ಲಿ, ಯಾವ ಮಳೆಯ ಬಿಡುವಿನಲ್ಲಿ ನೆಲೆಗೊಂಡಿತೆಂಬುದು ಬೇರೆ ಬಗೆಯ ವಿಮರ್ಶೆಗೆ ಕಾದಿರುವ ವಿಷಯ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ (1934) ಪ್ರತಿ ಇಂದು ಉಳಿದಿಲ್ಲ. ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾದ ಆ ಚಿತ್ರವನ್ನು ಸ್ಥಿರಚಿತ್ರ, ಜಾಹೀರಾತು, ನೆನಪುಗಳಿಂದ ಕಟ್ಟಿಕೊಳ್ಳಬೇಕಾಗಿದೆ. ಪ್ರತಿ ಕಳೆದುಹೋದ ಚಿತ್ರಗಳ ಸಂದರ್ಭದಲ್ಲಿ ಸಹಾಯಕನ ವಿಭಜನೆಯ ಹಾಳೆಯೊಂದು ಸಿಕ್ಕರೂ ಅದು ದೃಶ್ಯಗಳ ಸಂಖ್ಯೆಯನ್ನೂ ಅವುಗಳ ಕ್ರಮವನ್ನೂ ಕೊಡಬಲ್ಲದು. ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾಗಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಫಿಲ್ಮಿನ ಜೊತೆಗೆ ಚಿತ್ರಕಥೆ, ಪ್ರಚಾರ ಸಾಮಗ್ರಿಗಳನ್ನೂ ಕೂಡಿಡುತ್ತ ಬಂದಿದೆ. ಕೆಳಹಂತದ ಈ ಹಾಳೆಗಳನ್ನು ಹುಡುಕಿ ತರಬೇಕಾದದ್ದು ಮಾತ್ರ ಆಯಾ ಭಾಷೆಯ ಸಂಸ್ಥೆಗಳೇ. ಮನೆಯ ಅಟ್ಟಕ್ಕೆ ಏಣಿ ಹಾಕಬಲ್ಲವರು ಊರಿನವರು.

ಗ್ರಂಥಾಲಯಗಳು ಇಂಥ ಸಂಗ್ರಹವನ್ನು ಸ್ವೀಕರಿಸುವಾಗ ಮಾಡುವ ಸಾಮಾನ್ಯ ತಪ್ಪು, ಪ್ರಸಿದ್ಧ ಚಿತ್ರಗಳ ಹಾಳೆಗಳನ್ನು ಬೇರ್ಪಡಿಸಿ ಉಳಿದವನ್ನು ಇತರೆ ಎಂಬ ಕಟ್ಟಿಗೆ ಸೇರಿಸುವುದು. ಹಾಗೆ ಮಾಡಿದೊಡನೆ ವೃತ್ತಿಪತ್ರ ಎಂಬುದು ಮಾಯವಾಗಿ ಮತ್ತೆ ನಿರ್ದೇಶಕರ ಪಟ್ಟಿ ಉಳಿಯುತ್ತದೆ. ಯಾವ ವರ್ಷ ಯಾವ ಧಾರಾವಾಹಿಯ ನಂತರ ಯಾವ ಚಿತ್ರ, ಎರಡರ ನಡುವೆ ಎಷ್ಟು ತಿಂಗಳು ಕೆಲಸವಿಲ್ಲದೆ ಕಳೆಯಿತು ಎಂಬ ಕ್ರಮವೇ ಅಲ್ಲಿ ಓದಬೇಕಾದ ಪಠ್ಯ. ಸಂಬಳ, ಬಾಟಾ, ಮನೆಯ ವಿಳಾಸ, ಸೆಟ್ಟಿನಲ್ಲಿ ಯಾರಿಗೋ ಆದ ಗಾಯ, ಯಾರದೋ ಕಾಯಿಲೆ ಇವೆಲ್ಲ ಹಾಳೆಗಳಲ್ಲಿ ಇರುವುದರಿಂದ ಬದುಕಿರುವವರ ವಿವರಗಳನ್ನು ನಿರ್ದಿಷ್ಟ ಕಾಲದವರೆಗೆ ಮುಚ್ಚಿಡುವುದು ಅಗತ್ಯ. ಆ ನೆಪದಲ್ಲಿ ಇಡೀ ಕಟ್ಟನ್ನೇ ತಿರಸ್ಕರಿಸುವುದು ಅಗತ್ಯವಲ್ಲ. ಈಗ ಕರೆಯ ಸಂದೇಶ ಮೊಬೈಲಿಗೆ ಬರುತ್ತದೆ, ಕಂಟಿನ್ಯುಟಿಯನ್ನು ಫೋನಿನ ಚಿತ್ರಗಳು ನೋಡಿಕೊಳ್ಳುತ್ತವೆ; ಫೋನು ಬದಲಾದಾಗ ಎರಡೂ ಹೋಗುತ್ತವೆ. ಹಳೆಯ ಹಾಳೆಗಳಿಗೆ ಗೆದ್ದಲು ಹಿಡಿಯಲು ವರ್ಷಗಳಾದರೂ ಬೇಕಿದ್ದವು.

ಪ್ರತಿ ತೆಗೆಯುವ ಸಿಬ್ಬಂದಿಗೆ ಒಂದು ಸೂಚನೆಯನ್ನು ಮೊದಲೇ ಕೊಟ್ಟಿರಬೇಕು. ಹಾಲಿವುಡ್ ನಮೂನೆಯ ಕಾಲ್‌ಷೀಟಿನಲ್ಲಿ ಮುಂಬದಿಗೆ ಇರುವುದು ದೃಶ್ಯಗಳು ಮತ್ತು ನಟರ ಹೆಸರುಗಳು. ದೀಪದವರು, ಬಡಗಿಗಳು, ವಾಹನ ಚಾಲಕರು, ಊಟದ ವ್ಯವಸ್ಥೆಯವರು ಹಿಂಬದಿಯಲ್ಲಿರುತ್ತಾರೆ. ಆದ್ದರಿಂದ ಹಾಳೆಯ ಎರಡೂ ಬದಿಗಳನ್ನು ಪ್ರತಿಮಾಡಬೇಕು.